ಕರಬೂಜ ಮಾತು ಬಿಟ್ಟದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದು, ಹೊಳೆಗಳು ತಮ್ಮ ದಾರಿ ಹುಡುಕುತ್ತಿದ್ದ ಕಾಲ. ಆಗ ಕರಬೂಜಕ್ಕೆ ಮಾತು ಬರುತ್ತಿತ್ತು.

ಹೊಳೆಯ ಮರಳಲ್ಲಿ ಅದರ ಬಳ್ಳಿ ಹಬ್ಬಿಸಿದವಳು ಮಾಳವ್ವ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ ಹೆಂಗಸು. ದಿನಾ ಬೆಳಿಗ್ಗೆ "ಹಣ್ಣಾದ್ಯಾ?" ಅಂತ ಕೇಳುವಳು. "ಇನ್ನೂ ಇಲ್ಲವ್ವ" ಅನ್ನುವುದು ಕಾಯಿ. ಹಣ್ಣಾದ ದಿನ ತಾನೇ ಕೂಗುವುದು: "ಬಾರವ್ವ, ಸಕ್ಕರಿ ಆಗೀನಿ!"

ಆ ಬೇಸಿಗೆಯಲ್ಲಿ ತಂಗಿ ನೀಲವ್ವ ಬಸುರಿ. ಅನ್ನ ಸೇರದು, ನೀರೂ ಸೇರದು.

"ಅಕ್ಕಾ, ಒಂದ್ ಹೋಳು ಕರಬೂಜ ತಿಂದ್ರ ಜೀವ ತಣ್ಣಗಾಗ್ತದ" ಅಂದಳು.

ಅದೇ ಹೊತ್ತಿಗೆ ಸಮುದ್ರದ ಕಡೆ ಹೊರಟ ಗಾಡಿಗಳು ಊರ ಮುಂದೆ ಬಂದು ನಾಲ್ಕು ದಿನಕ್ಕೆಂದು ಬೀಡುಬಿಟ್ಟವು. ಮಾಳವ್ವ ಸಮುದ್ರ ಕಂಡವಳಲ್ಲ, ಅವುಗಳ ಜೊತೆ ಹೋಗಲೇಬೇಕು ಅಂದುಕೊಂಡಳು. ಗಾಡಿ ಹೊರಡುವುದರೊಳಗೆ ತಂಗಿಯ ಬಯಕೆ ತೀರಿಸಿಬಿಡಬೇಕು.

"ಹಣ್ಣಾದ್ಯಾ?"

"ಇನ್ನೂ ಇಲ್ಲವ್ವ. ಜರಾ ತಾಳು."

"ಸಾಕು ನಿನ್ನ ನಖರಾ! ಮಾವು ನೋಡು, ಕಾಯಿ ಕಿತ್ತು ಹುಲ್ಲಿನ್ಯಾಗ ಅಡೆ ಹಾಕಿದ್ರೂ ಸುಮ್ನ ಹಣ್ಣಾಗ್ತದ."

"ಮಾವಿನ ಮಾತು ಬ್ಯಾರೆ. ನನಗ ಬಳ್ಳಿ ಬಿಟ್ರ ಸಿಹಿ ಎಲ್ಲಿಂದ ಬರ್ಬೇಕವ್ವ?"

ಮಾಳವ್ವ ಕೇಳಲಿಲ್ಲ. ಕಿತ್ತಳು, ಹುಲ್ಲಲ್ಲಿ ಹೂತಳು. ಮೂರು ದಿನಕ್ಕೆ ಸಿಪ್ಪೆ ಹಳದಿಯಾಯಿತು, ತಿರುಳು ಮೆತ್ತಗಾಯಿತು. ಸಂಭ್ರಮದಿಂದ ಹೋಳು ಮಾಡಿ ತಂಗಿಯ ಕೈಗಿಟ್ಟಳು.

"ಭಾಳ ಚಲೋ ಅದ, ಅಕ್ಕಾ" ಅಂದಳು ನೀಲವ್ವ. ಬಾಯಲ್ಲಿದ್ದದ್ದನ್ನು ಮಾತ್ರ ನುಂಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು.

ಮಾಳವ್ವ ತಾನೂ ಒಂದು ತುಂಡು ತಿಂದು ನೋಡಿದಳು. ಬರೀ ನೀರು.

ಹೊಳೆಗೆ ಓಡಿದಳು. "ತಪ್ಪಾತ್ರೋ! ಹಣ್ಣಾದವ್ರು ಒಂದ್ಸಲ ಕೂಗ್ರೋ!" ಬಳ್ಳಿಯ ತುಂಬ ಕಾಯಿ, ಒಂದಕ್ಕೂ ಸೊಲ್ಲಿಲ್ಲ. ಹಿಂದೆ ಗಾಡಿಗಳ ಗಂಟೆ ಕೇಳಿಸಿತು, ದೂರವಾಯಿತು. ಅವಳು ತಿರುಗಿ ನೋಡಲಿಲ್ಲ.

ಗಾಳಿಯನ್ನು ಬೇಡಿಕೊಂಡಳು. "ಮಾತಾಡ್ರಿ ಅಂತ ನೀನಾದ್ರೂ ಅವಕ್ಕ ಹೇಳಪ್ಪಾ."

"ಹೇಳಿದ್ದು ಕೇಳದವ್ರಿಗೆ ಇನ್ನೇನು ಹೇಳೂದು ಅಂತಾವ" ಅಂದಿತು ಗಾಳಿ. ಆಮೇಲೆ ಅದಕ್ಕೂ ಕನಿಕರ ಬಂತು. "ಮಾತು ಕೊಡಿಸೂದು ನನ್ನ ಕೈಲಾಗದು. ವಾಸನಿ ತಂದು ಕೊಡ್ತೀನಿ, ನೀನೇ ತಿಳ್ಕೋ."

ಮಾಳವ್ವ ಮರಳಲ್ಲಿ ಮಂಡಿಯೂರಿ ಒಂದೊಂದೇ ಕಾಯಿ ಮೂಸುತ್ತ ದಿನಗಟ್ಟಲೆ ಕಾದಳು. ಕಾಯುವುದು ಅವಳಿಗೆ ಹೊಸ ಕೆಲಸ. ಕೊನೆಗೆ ಒಂದು ಘಮ್ಮೆಂದಾಗ ಎದೆಗವಚಿಕೊಂಡು ಮನೆಗೆ ಓಡಿದಳು. ನೀಲವ್ವ ತೊಟ್ಟಿಲು ತೂಗುತ್ತಿದ್ದಳು.

"ಈಗ ಬ್ಯಾಡಕ್ಕಾ. ಆ ಆಸಿ ಹೋತು."

ಅದಕ್ಕೇ ಇವತ್ತಿಗೂ ಸಂತೆಯಲ್ಲಿ ನಿನ್ನಜ್ಜಿ ಕರಬೂಜವನ್ನು ಎತ್ತಿ, ತೊಟ್ಟಿನ ಎದುರು ಬದಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ, ಮೂಗಿಗೆ ಹಿಡಿದು ಅಷ್ಟು ಹೊತ್ತು ನಿಲ್ಲುತ್ತಾಳೆ. ಹಣ್ಣು ಮಾತ್ರ ಏನೂ ಹೇಳುವುದಿಲ್ಲ.