ಮೆತ್ತಗಾದ ಡೆಕ್ಕು

"ಗುರುಗಳೇ, ಈ ವರ್ಷ ಯಾವ ವ್ರತ ಹಿಡಿಯಲಿ?" ಎಂದು ಬೊಮ್ಮಯ್ಯ ಕೇಳಿದ.

ಅಪ್ಪನ ತಿಥಿ ಹತ್ತಿರ ಬಂದಾಗಲೆಲ್ಲ ಅವನು ಹೀಗೆ ಕೇಳುತ್ತಿದ್ದ. ಮೊದಲ ವರ್ಷ ಒಪ್ಪೊತ್ತು ಉಂಡ. ಮರುವರ್ಷ ಉಪ್ಪು ಬಿಟ್ಟ. ಕಳೆದ ವರ್ಷ ಚಪ್ಪಲಿ ಬಿಟ್ಟ. ಕಾರಣ ಗುರುಗಳೊಬ್ಬರಿಗೇ ಗೊತ್ತಿತ್ತು. ಸಾಯುವ ಮುಂಚೆ ಅಪ್ಪ ಮೂರು ದಿನ ಮಗಳ ಹೆಸರು ಹಿಡಿದು ಕರೆದಿದ್ದ. ಅಕ್ಕನ ಮೇಲಿನ ಯಾವುದೋ ಸಿಟ್ಟಿಗೆ ಬೊಮ್ಮಯ್ಯ ಅವಳಿಗೆ ಹೇಳಿ ಕಳಿಸಿರಲಿಲ್ಲ. ಆಮೇಲೆ, ಎಲ್ಲ ಒಂದೇ ಗಳಿಗೆಯಲ್ಲಿ ಮುಗಿದುಹೋಯಿತು ಎಂದು ಅವಳಿಗೆ ಸುಳ್ಳು ಹೇಳಿದ್ದ. ಈಗ ಅವನಿಗೆ ತನ್ನವರೆಂದು ಉಳಿದಿದ್ದವಳು ಆ ಅಕ್ಕ ಒಬ್ಬಳೇ. ನಿಜ ಹೇಳಿದರೆ ಅವಳೂ ಕೈತಪ್ಪುತ್ತಾಳೆ ಎಂಬ ಹೆದರಿಕೆ ಅವನನ್ನು ಬಿಟ್ಟಿರಲಿಲ್ಲ.

"ವ್ರತ ಎಲ್ಲಿಗೂ ಓಡಿಹೋಗುವುದಿಲ್ಲ. ಕೂತುಕೋ, ಒಬ್ಬ ದೋಣಿಯವನ ಕತೆ ಹೇಳುತ್ತೇನೆ" ಎಂದರು ಗುರುಗಳು.

ಒಬ್ಬ ದೋಣಿಯವನಿದ್ದ. ಅವನದೊಂದು ಫೈಬರಿನ ಹಾಯಿದೋಣಿ. ಅದರ ಡೆಕ್ಕು, ಅಂದರೆ ಜನ ಕಾಲಿಟ್ಟು ನಿಲ್ಲುವ ಮೇಲ್ಭಾಗ, ಮೇಲೊಂದು ಕೆಳಗೊಂದು ಫೈಬರಿನ ಪದರ, ನಡುವೆ ಮರದ ಹಲಗೆ. ಹಾಯಿಮರದ ಬುಡದಲ್ಲಿ ಅವನು ಹಿತ್ತಾಳೆಯ ಗಂಟೆಯೊಂದನ್ನು ಕೂರಿಸಿದ್ದ. ನಾಲ್ಕು ತಿರುಪಿಗೆ ತೂತು ಕೊರೆದವನೂ ಅವನೇ. ಆ ಗಂಟೆಯೆಂದರೆ ಅವನಿಗೆ ಎಲ್ಲಿಲ್ಲದ ಹೆಮ್ಮೆ.

ಕೆಲವು ವರ್ಷಕ್ಕೆ ಗಂಟೆಯ ಸುತ್ತ ಡೆಕ್ಕು ಮೆತ್ತಗಾಯಿತು. ಕಾಲಿಟ್ಟರೆ ತಗ್ಗುತ್ತಿತ್ತು. ಪುಣ್ಯಾತ್ಮ ಮಾಡಿದ್ದೇನು? ನೀಲಿ ಬಣ್ಣ ಬಳಿದ. ಮರುವರ್ಷ ಹಸಿರು. ಅದರ ಮರುವರ್ಷ ಕೆಂಪು, ಮೇಲೊಂದು ಚಾಪೆ ಬೇರೆ! ಹತ್ತಿದವರಿಗೆಲ್ಲ "ಅಲ್ಲಿ ಕಾಲಿಡಬೇಡಿ" ಎನ್ನುತ್ತಿದ್ದ. ಜನ ಸುತ್ತಿ ಬಳಸಿ ನಡೆಯುವುದನ್ನು ಕಲಿತರು. ಅವನು ಮಾತ್ರ ನಿದ್ದೆಯಲ್ಲೂ ಬೆಚ್ಚಿ ಏಳುತ್ತಿದ್ದ. ಬಿಚ್ಚಿದರೆ ಇಡೀ ದೋಣಿಯೇ ಕೊಳೆತಿರುತ್ತದೆ, ತನ್ನ ಕತೆ ಮುಗಿಯಿತು ಎಂದು ಅವನ ಲೆಕ್ಕ.

ಒಂದು ದಿನ ಬಸುರಿ ಹೆಂಗಸೊಬ್ಬಳ ಕಾಲು ಚಾಪೆಯ ಸಮೇತ ಒಳಗಿಳಿಯಿತು. ಪಕ್ಕದವರು ರಟ್ಟೆ ಹಿಡಿದೆಳೆದರು, ಬದುಕಿದಳು. ಅಂದೇ ದೋಣಿಯವನು ದೋಣಿಯನ್ನು ದಡಕ್ಕೆಳೆದು, ರಿಪೇರಿ ಮಾಡುವ ಮುದುಕನನ್ನು ಕರೆತಂದ.

ಮುದುಕ ಉಳಿಯ ಹಿಡಿಯಿಂದ ತಟ್ಟುತ್ತಾ ಬಂದ. ಗಟ್ಟಿ ಇದ್ದಲ್ಲಿ ಟಣ್ ಎಂದಿತು, ಕೊಳೆತಲ್ಲಿ ದೊಪ್ ಎಂದಿತು. ದೊಪ್ ಎಂದಷ್ಟಕ್ಕೂ ಸುಣ್ಣದ ಗೆರೆ ಎಳೆದ.

"ಅಜ್ಜಾ, ಕೊಯ್ಯಬೇಡ. ಎರಡು ತೂತು ಮಾಡಿ ಅಂಟು ಸುರಿ, ಸಾಕು" ಎಂದು ದೋಣಿಯವನು ಗೋಗರೆದ.

"ಒದ್ದೆ ಮರಕ್ಕೆ ಯಾವ ಅಂಟು ಹಿಡಿಯುತ್ತದೆ ಮಾರಾಯಾ? ನೀರು ಇಳಿದದ್ದು ಗಂಟೆಗೆಂದು ನೀನೇ ಕೊರೆದ ತೂತಿನಿಂದ. ಈಗ ನಾನು ಕೊರೆಯುವಾಗ ಅಳುತ್ತೀಯಾ?" ಎಂದ ಮುದುಕ.

ಮೇಲಿನ ಪದರವನ್ನು ಕೊಯ್ದು ಮುಚ್ಚಳದ ಹಾಗೆ ಎತ್ತಿದ. ಒಳಗಿನ ಮರ ಕಪ್ಪಾಗಿ, ನೆನೆದ ಹಿಂಡಿಯಂತೆ ಬೊಗಸೆ ಬೊಗಸೆ ಬಂತು. ದೋಣಿಯವನು ತಲೆಯ ಮೇಲೆ ಕೈಹೊತ್ತು, ಬೆನ್ನು ತಿರುಗಿಸಿ ಕುಳಿತ. ಉಳಿ ಕೆರೆಯುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು.

"ಇತ್ತ ತಿರುಗೋ, ಹೇಡಿ!" ಎಂದ ಮುದುಕ.

ತಿರುಗಿ ನೋಡಿದ. ತೂತಿನಿಂದ ಮೂರು ಗೇಣಿನಾಚೆ ಮರ ಹಳದಿಯಾಗಿ, ಒಣಗಿ, ಹೊಸದರಂತೆಯೇ ಇತ್ತು. ಉಗುರಿನಿಂದ ಒತ್ತಿದ, ಇಳಿಯಲಿಲ್ಲ. ಅವನಿಗೆ ಅಳುವೇ ಬಂತು.

ಎಂಟು ದಿನ ಆ ಜಾಗವನ್ನು ಬಿಸಿಲಿಗೆ ಬಿಟ್ಟರು. ನಾಲ್ಕು ಜನ ಬಂದು ಇಣುಕಿದರು, ಮೂಗು ಮುಚ್ಚಿಕೊಂಡರು. ದೋಣಿಯವನು ಚಾಪೆ ಹೊದಿಸಲು ಹೋದರೆ ಮುದುಕ ಅವನ ಕೈ ತಳ್ಳಿದ. ಪೂರಾ ಒಣಗಿದ ಮೇಲೆ ಹೊಸ ಹಲಗೆ ಕೂರಿಸಿ, ಅಂಟು ಹಾಕಿ, ಮೇಲಿನ ಪದರವನ್ನು ಬೆಸೆದ. ದೋಣಿ ನೀರಿಗಿಳಿಯಿತು. ಜನ ಹಳೆಯ ಅಭ್ಯಾಸದಂತೆ ಸುತ್ತಿ ಬಳಸಿಯೇ ನಡೆದರು. ದೋಣಿಯವನು ಒಬ್ಬೊಬ್ಬರನ್ನೂ ಕೈಹಿಡಿದು ಕರೆತಂದು ಅಲ್ಲಿಯೇ ನಿಲ್ಲಿಸಿದ. ತಾನೂ ಹಾರಿ ಹಾರಿ ತೋರಿಸಿದ.

ಗುರುಗಳು ಕತೆ ನಿಲ್ಲಿಸಿದರು.

"ಬರೀ ಮೂರು ಗೇಣೇ, ಗುರುಗಳೇ?" ಎಂದ ಬೊಮ್ಮಯ್ಯ.

ಗುರುಗಳು ಅವನ ಬರಿಗಾಲನ್ನು ನೋಡಿದರು, ಆಮೇಲೆ ಅವನ ಮುಖವನ್ನು ನೋಡಿದರು.

"ಕೊಯ್ದವನಿಗೆ ಮೂರೇ ಗೇಣು ಕಣಪ್ಪ. ನೀನು ಹೇಳು, ಈ ವರ್ಷ ಯಾವ ಬಣ್ಣ ಬಳಿಯೋಣ?"