ಜವರ ಗರಡಿಯಿಂದ ಅವ್ವನಿಗೆ ತೋಳು ತಂದದ್ದು

ಸಾವಿರದ ಒಂಬೈನೂರ ಎಪ್ಪತ್ತನಾಲ್ಕು, ಜೂನ್ ಇಪ್ಪತ್ತೊಂದು, ಶುಕ್ರವಾರ. ನನ್ನ ಹಳೆಯ ಡೈರಿಯ ಆ ದಿನದ ಪುಟದಲ್ಲಿ ಎರಡೇ ಸಾಲು ಇದೆ: "ಆಷಾಢ ಶುರು. ಚಿಕ್ಕತಾಯಮ್ಮನ ಮಗ ಜವರ ನಡುಬೀದಿಯಲ್ಲಿ ನಿಂತು ಹೆತ್ತ ತಾಯಿಗೆ ಲಂಗೋಟಿ ಕಟ್ಟು ಅಂದ." ಬರೆದಿಟ್ಟದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ಇವತ್ತು ಯಾರೂ ನಂಬುತ್ತಿರಲಿಲ್ಲ. ಕೇಳಿ, ಮೊದಲಿಂದ ಹೇಳುತ್ತೇನೆ.

ಚಿಕ್ಕತಾಯಮ್ಮ ಮೈಸೂರಿನ ಒಂದು ಮದುವೆ ಛತ್ರದಲ್ಲಿ ಅಡುಗೆಯವಳು. ಮುನ್ನೂರು ಎಲೆಯ ಅಡುಗೆಗೆ ಒಬ್ಬಳೇ ರುಬ್ಬುತ್ತಿದ್ದಳು. ಗಂಡ ಇಲ್ಲ. ಇದ್ದವನೊಬ್ಬ ಮಗ, ಜವರ. ಇಪ್ಪತ್ತೆರಡು ವಯಸ್ಸು, ಬಾಗಿಲಷ್ಟು ಎತ್ತರ, ಬಾಗಿಲಿಗಿರುವಷ್ಟೇ ಬುದ್ಧಿ. ಹೇಳಿದ ಮಾತು ಕೇಳುವುದಿಲ್ಲ ಎಂದು ಅವನ ಮೇಲೆ ಯಾರೂ ದೂರು ಹೇಳುವ ಹಾಗಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ದೂರು ಇದ್ದದ್ದೇ ಅದು.

ಆ ವರ್ಷ ಯುಗಾದಿ ಕಳೆದ ಮೇಲೆ ಚಿಕ್ಕತಾಯಮ್ಮ ಛತ್ರದ ಒದ್ದೆ ನೆಲದಲ್ಲಿ ಜಾರಿ ಬಿದ್ದಳು. ಬಲಭುಜ ಮುರಿಯಿತು. ಆಸ್ಪತ್ರೆಯಲ್ಲಿ ಕಟ್ಟು ಹಾಕಿದರು, ಆರು ವಾರಕ್ಕೆ ಬಿಚ್ಚಿದರು. ಮೂಳೆ ಕೂಡಿತ್ತು. ತೋಳು ಮಾತ್ರ ಮೇಲೇಳಲಿಲ್ಲ. ತುರುಬಿಗೆ ಕೈ ಹೋಗಲಿಲ್ಲ, ಬಾಯಿಗೆ ತುತ್ತು ಹೋಗಲಿಲ್ಲ, ಒರಳಿನ ಗುಂಡು ತಿರುಗಲಿಲ್ಲ.

"ಕೀಲು ಹಿಡಕೊಂಡಿದೆಯಮ್ಮ. ದಿನಾ ಆಡಿಸಬೇಕು," ಅಂದರು ಡಾಕ್ಟರು. ಹೇಗೆ ಆಡಿಸಬೇಕು ಎಂದು ಅವಳು ಕೇಳುವಷ್ಟರಲ್ಲಿ ಮುಂದಿನ ರೋಗಿಯ ಹೆಸರು ಕೂಗಿಯಾಗಿತ್ತು.

ಛತ್ರದ ಪಾರುಪತ್ತೇಗಾರ ಸಿದ್ದವೀರಪ್ಪ ಬಂದು ನೋಡಿ ಹೇಳಿದ: "ಆಷಾಢದಲ್ಲಿ ಮದುವೆ ಇಲ್ಲ. ಈ ಒಂದು ತಿಂಗಳು ಕಾಯ್ತೀನಿ ಚಿಕ್ಕತಾಯಿ. ಶ್ರಾವಣದ ಮೊದಲ ಮದುವೆಗೆ ನೀನು ಒರಳ ಮುಂದೆ ಕೂತರೆ ಕೆಲಸ ನಿಂದು. ಇಲ್ಲದಿದ್ರೆ ಬೇರೆಯವಳನ್ನ ಕೂರಿಸ್ತೀನಿ."

ಆ ತೋಳಿನಿಂದಲೇ ಮನೆ ನಡೆಯಬೇಕು. ಮಗನಿಂದ ನಡೆಯುವ ಹಾಗಿದ್ದರೆ ಹಿಂದೆಯೇ ನಡೆಯುತ್ತಿತ್ತು.

ಎರಡು ಬೀದಿ ಆಚೆ ಗರಡಿ ಮನೆ. ಅಲ್ಲಿ ಉಸ್ತಾದ್ ಕೆಂಚಯ್ಯ. ಕುಸ್ತಿಯಲ್ಲಿ ಉಳುಕಿದ ಕೈ, ಹಿಡಿದುಕೊಂಡ ಕಾಲು, ಸರಿದ ಭುಜ, ಎಲ್ಲವನ್ನೂ ಎಣ್ಣೆ ತಿಕ್ಕಿ ಸಾಮು ಮಾಡಿಸಿ ದಾರಿಗೆ ತರುತ್ತಾನೆ ಎಂದು ಹೆಸರು. ಆದರೆ ಹೆಂಗಸು ಗರಡಿಯ ಹೊಸಿಲು ದಾಟುವಂತಿಲ್ಲ. ದಾಟಿದರೆ ಮಟ್ಟಿಗೆ, ಅಂದರೆ ಕುಸ್ತಿಯಾಡುವ ಮಣ್ಣಿನ ಅಂಕಣಕ್ಕೆ, ಮೈಲಿಗೆಯಂತೆ! ಕೆಮ್ಮಣ್ಣಿಗೂ ಮೈಲಿಗೆ! ನಾಲ್ಕು ಮೆಟ್ಟಿಲು ಇಳಿದು ಅವಳೇ ತೋಳು ತೋರಿಸಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತೋಳು ಮನೆಯಲ್ಲಿ ಕೂತಿತು, ತಲೆಯಿಲ್ಲದ್ದು ಗರಡಿಗೆ ಹೋಯಿತು.

"ಲೋ ಜವರ, ಉಸ್ತಾದರು ಏನೇನು ಹೇಳ್ತಾರೋ ಒಂದು ಮಾತೂ ಬಿಡದೆ ತಂದು ನಂಗೆ ಒಪ್ಪಿಸಬೇಕು. ತಿಳೀತಾ?"

"ತಿಳೀತು ಕಣವ್ವ. ಒಂದು ಮಾತೂ ಬಿಡಲ್ಲ."

ಹೋದ. ಬಂದ. ಅವನು ಬಂದ ಹೊತ್ತಿಗೆ ಬೀದಿ ನಲ್ಲಿಯಲ್ಲಿ ನೀರು ಬಿಟ್ಟಿದ್ದರು. ಹತ್ತು ಹೆಂಗಸರು, ಇಪ್ಪತ್ತು ಕೊಡ. ಚಿಕ್ಕತಾಯಮ್ಮ ಜಗಲಿಯ ಮೇಲೆ ಕಾಯುತ್ತ ಕೂತಿದ್ದಳು. ಜವರ ನಡುಬೀದಿಯಲ್ಲಿ ಎದೆಯುಬ್ಬಿಸಿ ನಿಂತು ಗದರಿದ.

"ಯಾವಳೇ ನೀನು, ದನದ ಹಾಗೆ ನುಗ್ತೀಯ? ಚಪ್ಪಲಿ ಆಚೆ ಬಿಡು!"

ಚಿಕ್ಕತಾಯಮ್ಮ ಹಿಂದೆ ಮುಂದೆ ನೋಡಿದಳು. "ಯಾರಿಗೋ ಹೇಳ್ತಿದ್ದೀಯ?"

"ನಿಂಗೇ ಕಣವ್ವ. ಮಟ್ಟಿಗೆ ಕೈ ಮುಗಿ! ಅಂಗಿ ಬಿಚ್ಚು! ಲಂಗೋಟಿ ಕಟ್ಟು!"

ನಲ್ಲಿಯಲ್ಲಿ ನೀರು ಸುರಿಯುತ್ತಲೇ ಇತ್ತು. ಕೊಡ ಹಿಡಿಯುವವರಿಲ್ಲ.

"ಏನಂದೆ?"

"ಲಂಗೋಟಿ ಕಟ್ಟು ಅಂದೆ. ನೂರು ಬಸ್ಕಿ ಹೊಡಿ ಅಂತಲೂ ಹೇಳವ್ರೆ. ಉಸ್ತಾದರು 'ಯಾವನೋ' ಅಂದ್ರು, ನೀನು ಹೆಂಗಸಲ್ವ, ಅದಕ್ಕೆ 'ಯಾವಳೇ' ಅಂದೆ."

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಅದೆಲ್ಲ ನಿಂಗೆ ಹೇಳಿದ್ದು ಕಣೋ, ನಂಗಲ್ಲ! ನನ್ನ ತೋಳಿಗೆ ಏನು ಬೇಕೋ ಅದನ್ನ ಮಾತ್ರ ತಾ. ಮಿಕ್ಕಿದ್ದನ್ನ ಅಲ್ಲೇ ಬಿಟ್ಟು ಬಾ!"

"ಹೂಂ ಕಣವ್ವ. ತೋಳಿಗೆ ಬೇಕಾದ್ದು ತರ್ತೀನಿ. ಮಿಕ್ಕಿದ್ದು ಬಿಟ್ಟು ಬರ್ತೀನಿ."

ಮಾರನೆಯ ದಿನ ಹೋದ. ಉಸ್ತಾದ್ ಕೆಂಚಯ್ಯ ತಾನೇ ಕಾಸಿದ ಎಣ್ಣೆಯನ್ನು ಹಿತ್ತಾಳೆ ಗಿಂಡಿಯ ತುಂಬ ಕೊಟ್ಟು, "ಇದನ್ನ ಬೆಚ್ಚಗೆ ಮಾಡಿ ಅವ್ವನ ತೋಳಿಗೆ ತಿಕ್ಕು," ಅಂದ. ಜವರ ಹೊಸಿಲ ಮೇಲೆ ನಿಂತು ಯೋಚಿಸಿದ. ಎಣ್ಣೆ ತೋಳಿಗೆ ಬೇಕು. ಗಿಂಡಿ ತೋಳಿಗೆ ಯಾಕೆ? ಎಣ್ಣೆಯನ್ನು ಬೊಗಸೆಗೆ ಸುರಿದುಕೊಂಡು, ಗಿಂಡಿಯನ್ನು ಅಲ್ಲೇ ಇಟ್ಟು ಹೊರಟ. ಎಣ್ಣೆ ಬೆರಳಿನ ಸಂದಿಯಲ್ಲಿ ಇಳಿಯಿತು, ಮೊಣಕೈಗೆ ಇಳಿಯಿತು, ಪಂಚೆಗೆ ಇಳಿಯಿತು. ಮೊದಲ ಬೀದಿಯಲ್ಲಿ ಎರಡು ನಾಯಿ ಹಿಂದೆ ಬಿದ್ದವು. ಎರಡನೆಯ ಬೀದಿಯಲ್ಲಿ ಐದಾದವು.

ಮನೆಗೆ ಬಂದು ಬೊಗಸೆ ಬಿಚ್ಚಿದ. "ತಗೋ ಅವ್ವ."

"ಏನೋ ಇದು?"

"ಎಣ್ಣೆ."

"ಎಲ್ಲೋ?"

"ಬೀದೀಲಿದೆ. ನಾಯಿ ನೆಕ್ತಾ ಅವೆ."

"ಬರೀ ಕೈಲಿ ಕೊಟ್ಟರೇನೋ ನಿಂಗೆ?"

"ಗಿಂಡೀಲಿ ಕೊಟ್ರು. ಗಿಂಡಿ ನಿನ್ನ ತೋಳಿಗೆ ಬೇಡವಲ್ಲವ್ವ. ಅಲ್ಲೇ ಬಿಟ್ಟೆ."

"ನಿನ್ನ ಚಪ್ಪಲಿ ಎಲ್ಲೋ?"

"ಅದೂ ನಿನ್ನ ತೋಳಿಗೆ ಬೇಡ!"

ಹೊಡೆಯೋಣ ಎಂದು ಕೈ ಎತ್ತಿದಳು. ಕೈ ಸೊಂಟದ ಮೇಲಕ್ಕೆ ಬರಲಿಲ್ಲ. ಆ ಸಂಕಟಕ್ಕೆ ಇನ್ನೂ ಎರಡು ಮಾತು ಹೆಚ್ಚಾಗಿಯೇ ಬೈದಳು.

"ಕತ್ತೆ ಬಡವ! ದೊಡ್ಡವರು ಏನು ಕೊಟ್ಟರೂ ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಎರಡು ಕೈಲೂ ಎದೆಗೆ ಅವುಚಿಕೊಂಡು, ಕುಲುಕದ ಹಾಗೆ ತರಬೇಕು ಕಣೋ!"

"ಹೂಂ ಕಣವ್ವ. ಬಾಯಿಗೆ ಬಟ್ಟೆ ಕಟ್ತೀನಿ. ಕುಲುಕದ ಹಾಗೆ ತರ್ತೀನಿ."

ಮೂರನೆಯ ದಿನ ಹೋದ. ಗಿಂಡಿಯ ಕತೆ ಕೇಳಿ ಉಸ್ತಾದ್ ಹಣೆ ಚಚ್ಚಿಕೊಂಡ. ಇವನ ಕೈಯಲ್ಲಿ ಎಣ್ಣೆಯೂ ಹೋಗದು, ವಿದ್ಯೆಯೂ ಹೋಗದು ಎಂದು ಅವನಿಗೆ ಖಾತ್ರಿಯಾಯಿತು. ಗರಡಿಯ ಹಿಂದೆಯೇ ಅವನ ಮನೆ. ಹೆಂಡತಿ ರಾಚಮ್ಮ, ಅವಳೂ ಒಬ್ಬ ಉಸ್ತಾದನ ಮಗಳು. ಹುಟ್ಟಿದ ಮನೆಯಲ್ಲೂ ಕೊಟ್ಟ ಮನೆಯಲ್ಲೂ ಗರಡಿಯೊಳಗೆ ಕಾಲಿಟ್ಟವಳಲ್ಲ. ಹಿತ್ತಿಲ ಕಿಟಕಿಯಲ್ಲಿ ನಿಂತು ಎಲ್ಲ ಪಟ್ಟೂ ಕಲಿತಿದ್ದಳು. ಮೈಲಿಗೆ ಅವಳ ಕಾಲಿಗೆ ಮಾತ್ರ ಇತ್ತು, ಕಣ್ಣಿಗೆ ಇರಲಿಲ್ಲ.

"ತಗೋಳಪ್ಪ, ನಮ್ಮ ರಾಚಮ್ಮನ್ನೇ ಕಳಿಸಿಕೊಡ್ತಿದ್ದೀನಿ," ಅಂದ ಉಸ್ತಾದ್.

ದೊಡ್ಡವರು ಕೊಟ್ಟದ್ದು! ಜವರ ಹೆಗಲ ಮೇಲಿನ ಟವಲು ತೆಗೆದ. ರಾಚಮ್ಮ ಬೀದಿಗಿಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಹಿಂದಿನಿಂದ ಬಂದು ಅವಳ ಬಾಯಿಗೆ ಟವಲು ಬಿಗಿದ. ಎರಡು ಕೈಯಲ್ಲೂ ಎದೆಗೆ ಅವುಚಿದ. ಕುಲುಕದ ಹಾಗೆ ಮೇಲೆತ್ತಿದ.

ರಾಚಮ್ಮ ಅವನ ಮಂಡಿಯ ಹಿಂದೆ ಕಾಲು ಕೊಟ್ಟಳು, ಪಕ್ಕೆಗೆ ಮೊಣಕೈ ಕೊಟ್ಟಳು. ಒಂದೇ ಪಟ್ಟು. ಜವರನಿಗೆ ಆಕಾಶ ಕಾಣಿಸಿತು.

"ಏನೋ ಇದು, ಮುಂಡೇದೇ?" ಟವಲು ಕಿತ್ತೆಸೆದು ಕೇಳಿದಳು.

"ನಮ್ಮವ್ವ ಹೇಳವ್ಳೆ, ಕುಲುಕದ ಹಾಗೆ ತಾ ಅಂತ. ಕುಲುಕಿದ್ದು ನಾನಲ್ಲ, ನೀವು!"

ರಾಚಮ್ಮ ಮುಂದೆ, ಜವರ ಹಿಂದೆ, ಮನೆ ಸೇರಿದರು. ನಡೆದದ್ದು ಕೇಳಿ ಚಿಕ್ಕತಾಯಮ್ಮ ನಾಚಿಕೆಯಿಂದ ನೆಲಕ್ಕಿಳಿದು ಹೋದಳು.

"ತಪ್ಪಾಯ್ತು ರಾಚಕ್ಕ, ಹೊಟ್ಟೆಗೆ ಹಾಕೊಳ್ಳಿ. ಲೋ ಅಡ್ಡಕಸುಬಿ! ಹಿರಿಯರು ಎದುರಿಗೆ ಬಂದರೆ ಬಾಯಿ ಕಟ್ಟೋದಲ್ಲ ಕಣೋ, ಬಗ್ಗಿ ಎರಡು ಪಾದಾನೂ ಹಿಡಕೋಬೇಕು! ಅವರು ಒಂದು ಒಳ್ಳೆ ಮಾತು ಆಡೋವರೆಗೂ ಬಿಡಬಾರದು!"

"ಹೂಂ ಕಣವ್ವ. ಪಾದ ಹಿಡೀತೀನಿ. ಒಳ್ಳೆ ಮಾತು ಆಡೋವರೆಗೂ ಬಿಡಲ್ಲ."

ರಾಚಮ್ಮ ಅವನ ಕಡೆ ತಿರುಗಿಯೂ ನೋಡದೆ ಕೆಲಸಕ್ಕೆ ಕೂತಳು. ಬೆಚ್ಚಗಿನ ಎಣ್ಣೆ ತಿಕ್ಕಿದಳು. ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಒಂದೊಂದಾಗಿ ಮೇಲಕ್ಕೆ ಹತ್ತಿಸಿದಳು. ಬಗ್ಗಿಸಿ ನಿಲ್ಲಿಸಿ, ಕೈಗೆ ಅರ್ಧ ಚೆಂಬು ನೀರು ಕೊಟ್ಟು ತೊಟ್ಟಿಲಿನ ಹಾಗೆ ತೂಗಿಸಿದಳು. ಎರಡು ಕೈಗೂ ಒಂದು ಕೋಲು ಕೊಟ್ಟು, ಚೆನ್ನಾಗಿರುವ ಎಡಗೈಯಿಂದ ಬಲಗೈಯನ್ನು ಎತ್ತಿಸಿದಳು.

"ಇದೂ ಕುಸ್ತಿಯೇ ಚಿಕ್ಕತಾಯಿ. ಎದುರಾಳಿ ಭುಜದೊಳಗೆ ಕೂತವ್ನೆ. ದಬಾಯಿಸಿದರೆ ಅವನೇ ಗೆಲ್ತಾನೆ. ನೋವು ಶುರುವಾದ ಜಾಗದಲ್ಲಿ ನಿಲ್ಲು, ಉಸಿರು ಬಿಡು, ಇಳಿಸು. ನಾಳೆ ಒಂದು ಬೆರಳು ಮೇಲೆ."

"ಸುಮ್ಮನೆ ಒಂದೇ ಸಲ ಎಳೆದುಬಿಡಿ ಅಕ್ಕ, ಆಗಿದ್ದಾಗಲಿ."

"ಎಳೆದರೆ ಮತ್ತೆ ಆಸ್ಪತ್ರೆಯೇ. ಬಾಯಿ ಮುಚ್ಚಿಕೊಂಡು ಗೋಡೆ ಹತ್ತು!"

ದಿನಾ ಬೆಳಗ್ಗೆ, ದಿನಾ ಸಂಜೆ. ವಾರಕ್ಕೆ ಕೈ ಎದೆಯ ಮಟ್ಟಕ್ಕೆ ಬಂತು. ಎರಡು ವಾರಕ್ಕೆ ತುತ್ತು ಬಾಯಿಗೆ ಹೋಯಿತು. ಮೂರನೆಯ ವಾರ ಚೆಂಬು ಹೋಗಿ, ಗರಡಿಯಲ್ಲಿ ಹುಡುಗರು ತಿರುಗಿಸುವ ಸಣ್ಣ ಮರದ ಗದೆ ಬಂತು. ಒಂದು ಬೆಳಗ್ಗೆ ಚಿಕ್ಕತಾಯಮ್ಮ ತನ್ನ ತುರುಬನ್ನು ತಾನೇ ಕಟ್ಟಿಕೊಂಡಳು. ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು.

ಶ್ರಾವಣಕ್ಕೆ ಎರಡು ದಿನ ಇರುವಾಗ ಪಾರುಪತ್ತೇಗಾರ ಸಿದ್ದವೀರಪ್ಪ ತೋಳು ನೋಡಲು ಬಂದ. ಇಸ್ತ್ರಿ ಮಾಡಿದ ಪಂಚೆ, ಕಂಕುಳಲ್ಲಿ ಕೊಡೆ. ಒಂದು ಕಾಲು ಹೊಸಿಲಿನ ಒಳಗೆ, ಒಂದು ಕಾಲು ಹೊರಗೆ. ಹಿರಿಯರು ಬಂದರು! ಜವರ ಬಗ್ಗಿ ಎರಡು ಪಾದವನ್ನೂ ಹಿಡಿದ.

ಸಿದ್ದವೀರಪ್ಪ ದಡಾರನೆ ಬಿದ್ದ. ಕೊಡೆ ಒಂದು ಕಡೆ, ಕನ್ನಡಕ ಒಂದು ಕಡೆ.

"ಬಿಡೋ! ಬಿಡೋ ನನ್ನ ಕಾಲು!"

"ಒಂದು ಒಳ್ಳೆ ಮಾತು ಆಡಿ ಬುದ್ಧಿ, ಬಿಡ್ತೀನಿ!"

"ನಿನ್ನ ಮನೆ ಹಾಳಾಗ!"

"ಇದು ಒಳ್ಳೆ ಮಾತಲ್ಲ ಬುದ್ಧಿ."

"ನಿನ್ನ ವಂಶ ನಾಶವಾಗ!"

"ಇದೂ ಅಲ್ಲ ಬುದ್ಧಿ. ಇನ್ನೊಂದು ನೋಡಿ."

ಹಿತ್ತಿಲಿನಲ್ಲಿದ್ದ ಚಿಕ್ಕತಾಯಮ್ಮ, ರಾಚಮ್ಮ ಇಬ್ಬರೂ ಓಡಿ ಬಂದರು. ರಾಚಮ್ಮ ಜವರನ ಬೆರಳು ಒಂದೊಂದಾಗಿ ಬಿಡಿಸಿದಳು. ಚಿಕ್ಕತಾಯಮ್ಮ ಪಾರುಪತ್ತೇಗಾರನಿಗೆ ಬಲಗೈ ಕೊಟ್ಟು ಎಬ್ಬಿಸಿದಳು. ಎದ್ದವನು ಆ ಕೈಯನ್ನೇ ನೋಡಿದ.

"ತೋಳೇನೋ ಬಂದಿದೆ. ನಾಡಿದ್ದರ ಮದುವೆಗೆ ಬಾ."

"ರುಬ್ಬಲಿ, ಕಲಸಲಿ. ಭಾರ ಮಾತ್ರ ಒಬ್ಬಳೇ ಎತ್ತೋ ಹಾಗಿಲ್ಲ, ಇನ್ನೂ ಆರು ತಿಂಗಳು," ಅಂದಳು ರಾಚಮ್ಮ.

"ಹಾಗಾದ್ರೆ ಎತ್ತೋಕೆ ಈ ಪ್ರಾಣೀನೂ ಬರಲಿ. ಆದರೆ ನನ್ನ ಕಾಲ ಹತ್ತಿರ ಬಂದರೆ ಇಬ್ಬರನ್ನೂ ಆಚೆಗೆ ಹಾಕ್ತೀನಿ!"

ಅವನು ಕುಂಟುತ್ತ ಹೋದ ಮೇಲೆ ರಾಚಮ್ಮನ ಸಿಟ್ಟು ನೆತ್ತಿಗೇರಿತು. ತಿಂಗಳೆಲ್ಲ ಒಂದೊಂದು ಬೆರಳು ಎಣಿಸಿ ತೋಳು ಏರಿಸಿದ ರಾಚಮ್ಮನೂ ಎಡವಿದ್ದು ಇಲ್ಲೇ. ಜವರನಿಗೆ ಅವಳೂ ಬುದ್ಧಿ ಹೇಳಿದಳು.

"ಲೋ, ಹಿಡಿದ ಮೇಲೆ ಬಿಡೋಕೂ ಬರಬೇಕು ಕಣೋ! ಗರಡೀಲಿ ಎಲ್ಲಕ್ಕೂ ಎಣಿಕೆ ಇದೆ. ಇನ್ನು ಮೇಲೆ ಏನು ಹಿಡಿದರೂ ಇಪ್ಪತ್ತು ಎಣಿಸು, ಕೈ ಬಿಡು!"

"ಹೂಂ ಕಣಮ್ಮ. ಇಪ್ಪತ್ತು ಎಣಿಸ್ತೀನಿ. ಕೈ ಬಿಡ್ತೀನಿ."

ಶ್ರಾವಣದ ಮೊದಲ ಮದುವೆ. ಬೆಳಕು ಹರಿಯುವ ಮೊದಲೇ ಚಿಕ್ಕತಾಯಮ್ಮ ಒರಳ ಮುಂದೆ ಕೂತಳು. ಗುಂಡು ತಿರುಗಿತು. ವಡೆಗೆ ರುಬ್ಬಿದಳು, ಚಟ್ನಿಗೆ ರುಬ್ಬಿದಳು, ಹುಳಿಗೆ ರುಬ್ಬಿದಳು. ತೋಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸಿದ್ದವೀರಪ್ಪ ಬಾಗಿಲಲ್ಲಿ ನಿಂತು ನೋಡಿ ಎಂದೂ ಇಲ್ಲದ ಒಂದು ಮಾತು ಆಡಿದ: "ಸದ್ಯ, ಬೇರೆಯವಳಿಗೆ ಹೇಳಿ ಕಳಿಸೋದು ತಪ್ಪಿತು."

ಎಲೆ ಹಾಕಿದರು. ಅನ್ನ ಹೋಯಿತು. ಗಂಡಿನ ಕಡೆಯವರು ಕೂತರು. ಹುಳಿ, ಹುಳಿ ಎಂದು ಕೂಗಿದರು. ಮುನ್ನೂರು ಎಲೆಗಾಗುವ ಹುಳಿ ದೊಡ್ಡ ಕೊಳದಪ್ಪಲೆಯಲ್ಲಿ ಕುದಿಯುತ್ತಿತ್ತು. ಅದಕ್ಕೆ ಎರಡು ಕಡೆ ಎರಡು ಬಳೆ. ಬಟ್ಟೆ ಸುತ್ತಿ ಒಂದು ಬಳೆಯನ್ನು ಅವ್ವ ಹಿಡಿದಳು, ಇನ್ನೊಂದನ್ನು ಮಗ ಹಿಡಿದ. "ದಾರಿ, ದಾರಿ! ಬಿಸಿ ಹುಳಿ!" ಎಂದು ಸಿದ್ದವೀರಪ್ಪ ತಾನೇ ಮುಂದೆ ನಡೆದ.

ಅಡುಗೆಮನೆ ದಾಟಿದರು. ಜವರನ ತುಟಿ ಆಡುತ್ತಿತ್ತು.

"ಏನೋ ಗೊಣಗ್ತೀಯ?"

"ಹನ್ನೊಂದು."

"ಏನು ಹನ್ನೊಂದು?"

"ಹನ್ನೆರಡು. ಮಾತಾಡಿಸಬೇಡ ಅವ್ವ, ಲೆಕ್ಕ ತಪ್ಪುತ್ತೆ. ಹದಿಮೂರು."

ಊಟದ ಸಾಲಿನ ನಡುವೆ ಬಂದರು. ಈ ಕಡೆ ಎಲೆ, ಆ ಕಡೆ ಎಲೆ, ಮುಂದೆ ಪಾರುಪತ್ತೇಗಾರ. ಹದಿನೇಳಕ್ಕೆ ಚಿಕ್ಕತಾಯಮ್ಮನಿಗೆ ಹೊಳೆಯಿತು.

"ಲೋ ಜವರ! ಬೇಡ ಕಣೋ! ಮೆಲ್ಲಗೆ ಕೆಳಗಿಡೋ!"

"ಹದಿನೆಂಟು. ಕೆಳಗಿಡು ಅಂತ ರಾಚಮ್ಮನೋರು ಹೇಳಿಲ್ಲ ಅವ್ವ. ಹತ್ತೊಂಬತ್ತು."

"ನಿಂಗೆ ಕೈ ಮುಗೀತೀನಿ ಕಣಪ್ಪ!"

"ಇಪ್ಪತ್ತು!" ಅಂದ ಜವರ. ಲೆಕ್ಕ ತಪ್ಪಲಿಲ್ಲ ಎಂದು ನಕ್ಕ. ಬಿಟ್ಟ.

ಇದರಿಂದ ಆದ ನಷ್ಟ ಇಷ್ಟು. ಮುನ್ನೂರು ಎಲೆಯ ಹುಳಿ ಹೋಯಿತು. ಗಂಡಿನ ಕಡೆಯವರು ಅನ್ನ ಮಜ್ಜಿಗೆ ಉಂಡು ಎದ್ದರು. ಸಿದ್ದವೀರಪ್ಪನ ಎರಡು ಕಾಲಿಗೂ ಬೊಬ್ಬೆ ಎದ್ದು ಹನ್ನೆರಡು ದಿನ ಮಲಗಿದ. ಕೊಳದಪ್ಪಲೆಯ ಭಾರವೆಲ್ಲ ಒಂದು ಕ್ಷಣ ಚಿಕ್ಕತಾಯಮ್ಮನ ಬಲಭುಜದ ಮೇಲೆ ಬಿತ್ತು. ಆ ಒಂದು ಜಗ್ಗಿಗೆ ತಿಂಗಳ ಸಾಮು ಹೋಯಿತು. ರಾಚಮ್ಮ ಮತ್ತೆ ಮೊದಲಿಂದ ಹಿಡಿದಳು. ತೋಳು ಪೂರ್ತಿ ಮೇಲೇಳುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಛತ್ರದ ಒರಳ ಮುಂದೆ ಅಷ್ಟರಲ್ಲಿ ಬೇರೆಯವಳು ಕೂತಾಗಿತ್ತು. ಆ ಜಾಗ ಚಿಕ್ಕತಾಯಮ್ಮನಿಗೆ ಮತ್ತೆ ಸಿಗಲಿಲ್ಲ.