ನಿಂತು ಕುಂತ ಸುಬೇದಾರ

ಯಾವ ಇಸವಿ ಅಂತ ಮಾತ್ರ ಕೇಳಬ್ಯಾಡ್ರಿ, ಒಬ್ಬೊಬ್ರು ಒಂದೊಂದು ಹೇಳ್ತಾರ. ಭಾಳ ಹಿಂದ, ನಿಂಬಿಗೇರಿ ಅನ್ನೂ ಒಂದೂರಾಗ ಭರಮಪ್ಪ ಅಂತ ಸುಬೇದಾರ ಇದ್ದ. ಮಿಲಿಟರಿಯಿಂದ ರಿಟೈರಾಗಿ ಬಂದು ಶೇಂಗಾ ಎಣ್ಣಿ ಗಿರಣ್ಯಾಗ ಮ್ಯಾನೇಜರ ಆಗಿದ್ದ. ಅವಾ ಬಂದ ಮ್ಯಾಲ ಗಿರಣಿ ಆಳು ಸಾಲಾಗಿ ನಿಲ್ಲಾಕ ಕಲತ್ರು, ಚಕ್ಕಡಿ ಸಾಲಾಗಿ ನಿಲ್ಲಾಕ ಹತ್ತಿದುವು, ಕಡೀಕ ಅಂಗಳದಾಗ ಶೇಂಗಾ ತಿನ್ನಾಕ ಬರೂ ಗುಬ್ಬಿ ಸೈತ ಸಾಲು ಹಚ್ಚಿ ಬರ್ತಿದ್ದುವಂತ. ನಾ ನೋಡಿಲ್ಲಪಾ, ಹೇಳ್ತಾರ.

ಅಂಥಾ ಸುಬೇದಾರ ಗುಂಡಿಗೆ ಅಂಜಿದವಲ್ಲ, ಗಿರಣಿ ಮಾಲಕಗ ಅಂಜಿದವಲ್ಲ. ಅಂಜತಿದ್ದದ್ದು ಒಂದ ಮನಿಗೆ. ಹಿಂದಿನ ಓಣ್ಯಾಗ ಶೇಂಗಾ ಸುಲದು ಹೊಟ್ಟಿ ಹೊರಕೊಳ್ಳೂ ದುಂಡವ್ವ ಅನ್ನೂ ಮುದುಕಿ ಇದ್ಳು. ಆಕಿ ಮಗಾ ಲಗಮಾ ಸುಬೇದಾರನ ಕೈಯಾಗ ಸಿಪಾಯಿ ಆಗಿದ್ದಾವ, ಲಡಾಯ್ಯಾಗ ಹೋಗಿಬಿಟ್ಟ. ಸುಬೇದಾರ ಅವನ ಟ್ರಂಕು ತಂದು ಬಾಗಲಾಗ ಇಟ್ಟು, ಧೈರ್ಯಾ ತಗೋ ಯವ್ವಾ ಅಂದವನ ಹೊಳ್ಳಿ ಬಂದಿದ್ದ. ಅವತ್ತಿಂದ ಆ ಓಣಿ ತಪ್ಪಿಸಿ ಅಡ್ಡಾಡ್ತಿದ್ದ.

ಇಂಥಾದ್ರಾಗ ಎಮ್ಮೆಲ್ಲೆ ಎಲೆಕ್ಷನ್ ಬಂತು. ಒಂದ ಕಡೆ ಗಿರಣಿ ಮಾಲಕನ ಅಳ್ಯಾ ಚಂಬಣ್ಣ ನಿಂತ. ಹಳ್ಳಕ್ಕ ಬ್ರಿಜ್ ಕಟ್ಟಿಸೇ ತೀರ್ತೀನಿ ಅಂತ ಇನ್ನೊಂದು ಕಡೆ ಸುಬೇದಾರ ನಿಂತ. ನಿಂತ ಅಂದ್ರ ಖರೇನ ನಿಂತ! ಚಾವಡಿ ಮುಂದ ಮಂದಿ ಕೂಡಿದಾಗ, ನಾ ನಿಂತೀನಿ, ಆರಿಸಿ ಬರೂ ತನಕಾ ಕುಂದ್ರೂದಿಲ್ಲ ಅಂದುಬಿಟ್ಟ. ಬ್ಯಾರೇದವ್ರು ಅಂದಿದ್ರ ಮಾತು ಅಲ್ಲೇ ಗಾಳಿಗೆ ಹೋಗ್ತಿತ್ತು. ಸುಬೇದಾರ ಅಂದ ಅಂದ್ರ ಅದು ಆರ್ಡರು.

ನಿಂತ ಉಂಡ, ನಿಂತ ಚಾ ಕುಡದ, ಗೋಡಿಗೆ ಆತಕೊಂಡು ನಿಂತ ನಿದ್ದಿ ಮಾಡಿದ ಅಂತಾರ. ಚಕ್ಕಡ್ಯಾಗೂ ನಿಂತ ಹ್ವಾದ. ಮಣಕಾಲಾಗ ಲಡಾಯಿ ಪೆಟ್ಟು ಒಂದಿತ್ತು, ಅದು ಊದಿ ಕುಂಬಳಕಾಯಿ ಆತು. ಹೆಂಡ್ತಿ ನಾಗವ್ವ ಉಪ್ಪಿನ ಗಂಟಿಲೆ ಕಾಸಕೋಂತ, ಕುರ್ಚಿ ಸಲುವಾಗಿ ನಿಂತವ್ರು ಕುರ್ಚಿ ಕಂಡ್ರ ಓಡ್ತಾರಲ್ಲೋ ಶಿವನ ಅಂತ ಹಣಿ ಬಡಕೊಂಡ್ಳಂತ. ಚಂಬಣ್ಣ ಏನು ಕಡಿಮಿ ಅಸಾಮಿ? ಸುಬೇದಾರ ಹೋದ ಹೋದಲ್ಲಿ ಮೊದಲ ಮೆತ್ತನ್ನ ಗಾದಿ ಹಾಸಿಸ್ತಿದ್ದ. ಸುತ್ತ ಹಳ್ಳಿ ಮಂದಿಗೆ ಬಯಲಾಟಕ್ಕಿಂತ ಇದ ಮೋಜು ಆತು. ಇಂದು ಕುಂತಾನೇನು, ನಾಳೆ ಕುಂತಾನೇನು ಅಂತ ಕಾದ್ರು. ಕುಂದ್ರಲಿಲ್ಲ ಅಂದಂಗೆಲ್ಲಾ, ಮಾತಿನ ಮನಷ್ಯಾ ನೋಡ್ರಿ ಅಂತ ಓಟು ಇವನ ಕಡೆ ವಾಲಾಕ ಹತ್ತಿದುವು.

ಪ್ರಚಾರದ ಕಡೀ ದಿನಾ ಉಳಿದದ್ದು ಒಂದ ಮನಿ. ಮಂದಿ ಬೆನ್ನ ಹಿಂದಿತ್ತು, ತಪ್ಪಿಸಿಕೊಳ್ಳಾಕ ಬರಲಿಲ್ಲ. ಸುಬೇದಾರ ದುಂಡವ್ವನ ಕಟ್ಟಿ ಮುಂದ ಕೈ ಮುಗದು ನಿಂತ. ಆಕಿ ಸೆರಗಿಲೆ ಕಟ್ಟಿ ಒರಿಸಿ, ಕುಂದ್ರಪಾ ಅಂದ್ಳು. ಸುಬೇದಾರ್ರು ಕುಂದ್ರೂ ಹಂಗಿಲ್ಲ ಯವ್ವಾ ಅಂತ ಹಿಂದಿನವ್ರು ಹೇಳಿದ್ರು.

ಆಗ ಮುದುಕಿ ಅಂದ್ಳಂತ: "ಓಟು ನಿಂತ ಕೇಳಪಾ, ಬ್ಯಾಡ ಅನ್ನೂದಿಲ್ಲ. ನನ್ನ ಮಗಾ ಹೋದ ಸುದ್ದೀನೂ ನಿಂತ ಹೇಳಿ ಹ್ವಾದಿ. ಸತ್ತವ್ರ ಮನಿಗೆ ಬಂದವ್ರು ಕುಂತ ಮಾತಾಡಬೇಕು ಅನ್ನೂದು ನಿಮ್ಮ ಮಿಲಿಟರ್ಯಾಗ ಕಲಸಲಿಲ್ಲೇನು?"

ಸುಬೇದಾರ ಮುಗದ ಕೈ ಇಳಿಸಿದ. ಹೊಳ್ಳಿ ನೋಡಿದ್ರ ಎಲ್ಲಾರೂ ಕಣ್ಣಿಲೆ ಬ್ಯಾಡ ಬ್ಯಾಡ ಅನ್ನಾಕತ್ತಿದ್ರು. ಬ್ರಿಜ್ ಹೋಗತೈತಿ, ಮಾತು ಹೋಗತೈತಿ, ಮೀಸಿ ಮಣ್ಣಾಗತೈತಿ ಅನ್ನೂದು ಅವಗೇನು ಗೊತ್ತಿರಲಿಲ್ಲ? ಕುಂತಬಿಟ್ಟ. ಮಣಕಾಲು ಕಟಕ್ ಅಂದದ್ದು ಗಿರಣಿ ತನಕಾ ಕೇಳಿಸ್ತಂತ.

ಕುಂತು ಎಲ್ಲಾ ಹೇಳಿದ. ಲಗಮಾ ಅಡಗಿಮನ್ಯಾಗ ಸಕ್ರಿ ಕದ್ದು ಟೊಪ್ಪಿಗ್ಯಾಗ ಮುಚ್ಚಿಟ್ಟುಕೊಂಡು, ಪರೇಡಿನಾಗ ಮಳಿ ಬಂದು ಅವನ ಮಾರಿ ತುಂಬ ಪಾನಕ ಹರದದ್ದು ಹೇಳಿದ. ಮುದುಕಿ ಬಿದ್ದು ಬಿದ್ದು ನಕ್ಕಳು. ಕಡೀಕ ಹೆಂಗ ಹ್ವಾದ ಅನ್ನೂದೂ ಹೇಳಿದ. ಇಬ್ರೂ ಅತ್ರು. ಹೊತ್ತು ಮುಳುಗೂ ತನಕಾ ಹಂಗ ಕುಂತಿದ್ರು.

ಅಷ್ಟೊತ್ತಿಗೆ ಚಂಬಣ್ಣ ಹಲಗಿ ಬಡಿಸಿ, ಸುಬೇದಾರ ಕುಂತ ಅಂತ ಊರೂರಿಗೆ ಡಂಗರಾ ಸಾರಿಸಿದ್ದ. ನಿಂತವಾ ಕುಂತ ಅಂದ್ರ ಕಣಾ ಬಿಟ್ಟ ಅಂತ ಮಂದಿ ತಿಳಕೊಂಡ್ರು. ಸ್ವಂತ ಹೆಂಡ್ತಿ ನಾಗವ್ವ ಸೈತ ಓಟು ಹಾಕಾಕ ಹೋಗದ ಮನ್ಯಾಗ ಹೋಳಿಗಿ ಮಾಡಕೋಂತ ಉಳಿದ್ಳಂತ. ಕಣಾ ಬಿಟ್ಟಿಲ್ಲೇ ಮಾರಾಯ್ತಿ ಅಂತ ಗಂಡ ಎಷ್ಟ ಹೇಳಿದ್ರೂ, ಡಂಗರಾ ಸುಳ್ಳು ಹೇಳತೈತೇನು ಅಂದ್ಳಂತ.

ಸುಬೇದಾರ ಸೋತ. ಸುದ್ದಿ ತಂದವ್ರು ಊರೆಲ್ಲಾ ಹುಡುಕಿದ್ರ, ಅವಾ ದುಂಡವ್ವನ ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲಿಯಾಕತ್ತಿದ್ದ. ಸೋತ್ರೆಲ್ರಿ ಸಾಹೇಬ್ರ ಅಂದದ್ದಕ್ಕ, ಹೌದೇನು, ಬಾ ಕುಂದ್ರ ಅಂತ ಸರದು ಜಾಗಾ ಕೊಟ್ಟ. ಮುಂದಿನ ಎಲೆಕ್ಷನ್ನಿಗೆ ಚಂಬಣ್ಣ ಓಟು ಕೇಳಾಕ ಬಂದಾಗ ದುಂಡವ್ವ ಅವನ್ನೂ ಅದ ಕಟ್ಟಿ ಮ್ಯಾಲ ಕುಂದ್ರಿಸಿ, ಬ್ರಿಜ್ ಕಟ್ಟಿಸ್ತೀನಿ ಅನ್ನೂ ತನಕಾ ಏಳಗೊಡಲಿಲ್ಲ ಅಂತಾರ.

ಈಗೂ ಅಷ್ಟ. ನಿಂಬಿಗೇರ್ಯಾಗ ಎಲೆಕ್ಷನ್ನಿಗೆ ಯಾರ ನಿಂತು ಬಂದ್ರೂ ಹೆಣ್ಮಕ್ಕಳು ಸೆರಗಿಲೆ ಕಟ್ಟಿ ಒರಸ್ತಾರ. ನಿಂತೀರಂತ ಕೇಳೀವ್ರಿ, ಮೊದಲ ಕುಂದರ್ರಿ ಅಂತಾರ. ಅವಸರ ಐತಿ ಅಂದವ್ರಿಗೆ ಕುಡಿಯಾಕ ನೀರು ಕೊಡ್ತಾರ. ಓಟು ಕೊಡೂದಿಲ್ಲ.